ಮೂರು ಸಾವಿರ ಅಳಿಯಂದಿರು

ಅಳಿಯನಿಗೆ ಇಲ್ಲದ ಕಾಯಿಲೆ ಇರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಅವನ ಟೋಕನ್ ಇತ್ತು, ಮೂಳೆ ಡಾಕ್ಟರ ಹತ್ತಿರ ಇತ್ತು, ಹಲ್ಲಿಗೆ, ಚರ್ಮಕ್ಕೆ, ಹೃದಯಕ್ಕೆ ಇತ್ತು. ಹೆರಿಗೆ ವಿಭಾಗದಲ್ಲಂತೂ ಒಂದೇ ಬೆಳಿಗ್ಗೆ ಎರಡೆರಡು ಸಲ ತಪಾಸಣೆಗೆ ಹೆಸರು ಬರೆಸಿದ್ದ. ಗಂಡಸಾಗಿ ಹುಟ್ಟಿದ್ದು ಅವನ ತಪ್ಪಲ್ಲ. ಅವನು ಹುಟ್ಟಿಯೇ ಇರಲಿಲ್ಲ.

ಅವನು ಬರೀ ಒಂದು ಖಾತೆ. ಐದು ಆಸ್ಪತ್ರೆಗಳಿಗೆ ಸೇರಿ ಟೋಕನ್ ಕೊಡುವ ಒಂದು ವೆಬ್‌ಸೈಟನ್ನು ಕಟ್ಟುತ್ತಿದ್ದ ಸಣ್ಣ ಕಂಪನಿಯಲ್ಲಿ, ಕೆಲಸ ಸರಿಯಾಗಿದೆಯಾ ಎಂದು ಒಳಹೊಕ್ಕು ನೋಡಲು ಮಾಡಿಟ್ಟ ಸುಳ್ಳು ರೋಗಿ. ನಿಜವಾದ ರೋಗಿ ಲಾಗಿನ್ ಆಗಬೇಕಾದರೆ ಪಾಸ್‌ವರ್ಡ್ ಹೊಡೆಯಬೇಕು, ಮೊಬೈಲಿಗೆ ಬಂದ ಓಟಿಪಿ ಹೊಡೆಯಬೇಕು, ಮೂರು ಸಲ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ. ಅಳಿಯನಿಗೆ ಇದೊಂದೂ ಇರಲಿಲ್ಲ. ದಿನಕ್ಕೆ ನೂರು ಸಲ ಒಳಗೆ ಹೋಗಿ ಬರುವ ಪ್ರೋಗ್ರಾಮರುಗಳಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿ? ಹೆಸರು ಹೊಡೆದರೆ ಸಾಕು, ಬಾಗಿಲು ತಾನಾಗಿ ತೆರೆದುಕೊಂಡು ಬನ್ನಿ ಕೂತ್ಕೊಳ್ಳಿ ಅನ್ನುತ್ತಿತ್ತು. ಅದಕ್ಕೇ ಆಫೀಸಿನವರೆಲ್ಲ ಆ ಖಾತೆಯನ್ನು ಅಳಿಯ ಅನ್ನುತ್ತಿದ್ದರು. ಅಳಿಯನನ್ನು ಒಳಗೆ ಬಿಟ್ಟು ನೋಡು ಅಂದರೆ ಟೆಸ್ಟ್ ಮಾಡು ಅಂತ ಅರ್ಥ.

ಆ ಆಫೀಸಿಗೆ ಹೊಸದಾಗಿ ಬಂದ ಟೆಸ್ಟರ್ ಹುಡುಗಿಯನ್ನು ಮನೆಯಲ್ಲಿ ಕಡ್ಡಿ ಅಂತ ಕರೆಯುತ್ತಿದ್ದರು. ತೆಳ್ಳಗಿದ್ದಾಳೆ ಅಂತಲ್ಲ, ಮೈಕೈ ತುಂಬಿಕೊಂಡೇ ಇದ್ದಳು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆ ಅಂತ. ಮನೆಯ ಹೆಸರು ಆಫೀಸಿಗೂ ಬರಲು ಹೆಚ್ಚು ದಿನ ಹಿಡಿಯಲಿಲ್ಲ, ಯಾಕೆಂದರೆ ಅಲ್ಲಿನ ಹಿರಿಯ ಪ್ರೋಗ್ರಾಮರ್ ಅವಳ ಅಣ್ಣನ ಹೆಂಡತಿ. ಸೈಟಿನ ಲಾಗಿನ್ ಭಾಗ ಪೂರ್ತಿ ಬರೆದವಳು ಆ ಅತ್ತಿಗೆಯೇ. ಆಫೀಸಿನಲ್ಲಿ ಅತ್ತಿಗೆ ಅನ್ನಕೂಡದು, ಮೇಡಂ ಅನ್ನಬೇಕು ಎಂದು ಮೊದಲ ದಿನವೇ ಕರಾರಾಗಿತ್ತು. ಕೋಪ ಬಂದಾಗ ಮಾತ್ರ ಕಡ್ಡಿಗೆ ಕರಾರು ಮರೆತುಹೋಗುತ್ತಿತ್ತು.

ಅತ್ತಿಗೆಯ ಸೆರಗು ಹಿಡಿದುಕೊಂಡು ಬಂದವಳು ಎಂದು ಅಲ್ಲಿ ಎಲ್ಲರೂ ಅಂದುಕೊಂಡಿದ್ದರು, ಕೆಲವರು ಅಂದೂ ಇದ್ದರು. ಕಡ್ಡಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮ್ಯಾನೇಜರ್ ಸುತ್ತಿ ಬಳಸದೆ ಹೇಳಿದ್ದರು: ಬರುವ ಸೋಮವಾರ ಬೆಳಿಗ್ಗೆ ಸೈಟು ಜನರಿಗೆ ತೆರೆಯುತ್ತದೆ, ಶುಕ್ರವಾರದೊಳಗೆ ಲೋಡ್ ಟೆಸ್ಟಿನ ವರದಿಗೆ ನಿನ್ನ ಸಹಿ ಬೇಕು, ಅದು ಹೇಗಾಗುತ್ತದೆ ನೋಡಿಕೊಂಡು ನಿನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ.

ಲೋಡ್ ಟೆಸ್ಟ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಸಾವಿರಾರು ಜನ ಒಟ್ಟಿಗೆ ನುಗ್ಗಿದರೆ ಸೈಟು ನಿಲ್ಲುತ್ತದೋ ಮಲಗುತ್ತದೋ ನೋಡುವುದು. ಅಷ್ಟು ಜನರನ್ನು ಕರೆತಂದು ಕೂರಿಸಲು ಆಗುವುದಿಲ್ಲವಲ್ಲ, ಅದಕ್ಕೆ ಜನರ ಹಾಗೆ ನಟಿಸುವ ಸಾಫ್ಟ್‌ವೇರ್ ಇದೆ. ಒಬ್ಬ ಲಾಗಿನ್ ಆದ, ಡಾಕ್ಟರನ್ನು ಹುಡುಕಿದ, ಟೋಕನ್ ತೆಗೆದುಕೊಂಡ, ಹೋದ ಎಂದು ಒಂದು ಸ್ಕ್ರಿಪ್ಟ್ ಬರೆದುಕೊಟ್ಟರೆ, ಅದು ಅದನ್ನೇ ಮೂರು ಸಾವಿರ ಜನ ಮಾಡಿದಂತೆ ಮಾಡುತ್ತದೆ. ಆಸ್ಪತ್ರೆಯವರ ಹಳೆಯ ಸೈಟು ದಿನಾ ಬೆಳಿಗ್ಗೆ ಎಂಟಕ್ಕೆ, ಆ ದಿನದ ಟೋಕನ್ ಬಿಟ್ಟ ಕೂಡಲೇ, ಅಂಗಾತ ಬೀಳುತ್ತಿತ್ತು. ಹೊಸದು ಬೀಳಬಾರದು ಅನ್ನುವುದೊಂದೇ ಅವರ ಷರತ್ತು.

ಸ್ಕ್ರಿಪ್ಟನ್ನು ಮೊದಲು ಆ ಕುರ್ಚಿಯಲ್ಲಿದ್ದವನು ಬರೆದಿಟ್ಟು, ಹೆಚ್ಚು ಸಂಬಳ ಸಿಕ್ಕಿತೆಂದು ಬೇರೆ ಕಡೆ ಹೋಗಿದ್ದ. ಕಡ್ಡಿ ಮಂಗಳವಾರ ಅದನ್ನು ಓಡಿಸಿದಳು. ಪರದೆಯ ಮೇಲೆ ಸಾಲುಸಾಲಾಗಿ ಹಸಿರು ಬಂತು. ಲಾಗಿನ್ ಕಣ್ಣು ಮಿಟುಕಿಸುವುದರೊಳಗೆ, ಟೋಕನ್ ಅದಕ್ಕಿಂತ ಬೇಗ. ಮ್ಯಾನೇಜರ್ ಗಾಜಿನ ಕೋಣೆಯಿಂದ ಎದ್ದು ಬಂದು, ಬೆರಳಿನಲ್ಲಿ ಕಾರಿನ ಕೀ ತಿರುಗಿಸುತ್ತ ನೋಡಿ, ಇನ್ನೇನು, ಸಹಿ ಹಾಕಿ ಕಳಿಸಿಬಿಡು, ಮೂರು ದಿನ ಮುಂಚೆ ಮುಗೀತು ಅಂದರು.

ಕಡ್ಡಿ ಹಾಕಲಿಲ್ಲ. ಪಕ್ಕದ ಪರದೆಯಲ್ಲಿ ಅವಳು ಡೇಟಾಬೇಸ್ ಮಷೀನಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತೋರಿಸುವ ಗೆರೆಯನ್ನು ಇಟ್ಟುಕೊಂಡಿದ್ದಳು. ರೋಗಿಗಳ ಮಾಹಿತಿಯೆಲ್ಲ ಇರುವುದು ಅದರಲ್ಲಿ. ಮೂರು ಸಾವಿರ ಜನ ಬಂದರೆ ಆ ಗೆರೆ ಏಳಬೇಕು, ಕುಣಿಯಬೇಕು. ಅದು ಮಲಗಿದಲ್ಲೇ ಮಗ್ಗುಲು ಕೂಡ ಬದಲಿಸಿರಲಿಲ್ಲ.

"ಮೂರು ಸಾವಿರ ಜನ ಊಟಕ್ಕೆ ಬಂದಿದಾರೆ ಸಾರ್, ಅಡುಗೆಮನೆಯಲ್ಲಿ ಒಲೇನೇ ಹಚ್ಚಿಲ್ಲ. ಏನು ಬಡಿಸಿದ್ವಿ ಅವರಿಗೆ?"

ಒಳ್ಳೆಯ ಸರ್ವರು ಹಾಕಿದ್ದೇವೆ, ಅದಕ್ಕೆ ಬೆವರು ಬಂದಿಲ್ಲ, ಎಲ್ಲದರಲ್ಲೂ ಹುಳುಕು ಹುಡುಕಬೇಡ ಎಂದು ಮ್ಯಾನೇಜರ್ ಹೋದರು. ಹುಳುಕು ಹುಡುಕುವುದಕ್ಕೇ ತನಗೆ ಸಂಬಳ ಕೊಡುತ್ತಿರುವುದು ಎಂದು ಕಡ್ಡಿ ಅವರ ಬೆನ್ನಿಗೆ ಹೇಳಿದಳು. ಆಮೇಲೆ ಸ್ಕ್ರಿಪ್ಟ್ ತೆರೆದು ಮೇಲಿಂದ ಓದಿದಳು. ಹುಡುಕುವ ಕಷ್ಟವೇ ಇರಲಿಲ್ಲ. ಬಳಕೆದಾರನ ಹೆಸರು ಇರಬೇಕಾದ ಕಡೆ ಒಂದೇ ಹೆಸರಿತ್ತು.

ಮೂರು ಸಾವಿರ ಜನ ಬಂದಿರಲಿಲ್ಲ. ಅಳಿಯನೇ ಮೂರು ಸಾವಿರ ಸಲ ಬಂದಿದ್ದ. ಮೊದಲ ಸಲ ಬಂದಾಗ ಸೈಟು ಅವನ ಪುಟವನ್ನು ಡೇಟಾಬೇಸಿನಿಂದ ತಂದು ಕೈಯಲ್ಲೇ ಇಟ್ಟುಕೊಂಡಿತ್ತು. ಆಮೇಲಿನ ಪ್ರತಿ ಸಲವೂ ಅದನ್ನೇ ಅವನ ಮುಖಕ್ಕೆ ಹಿಡಿದಿತ್ತು. ಕಂಡ ಮುಖಕ್ಕೆ ಮಣೆ ಹಾಕುವುದರಲ್ಲಿ ಏನು ಶ್ರಮ?

ಅತ್ತಿಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ದಪ್ಪ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದಳು. ಅದರಲ್ಲಿ ಹಾಡು ಬರುತ್ತಿರಲಿಲ್ಲ. ಯಾರೂ ಮಾತಾಡಿಸದಿರಲಿ ಎಂದು ಹಾಕಿಕೊಳ್ಳುತ್ತಿದ್ದಳು, ಅದು ಕಡ್ಡಿಗೆ ಗೊತ್ತಿತ್ತು. ಹೋಗಿ ಒಂದು ಕಿವಿಯದನ್ನು ಎತ್ತಿ ವಿಷಯ ಹೇಳಿದಳು. ಅತ್ತಿಗೆ ನಕ್ಕಳು. ಹೋದವನು ಸೋಮಾರಿ, ಅವನಿಂದ ಇನ್ನೇನಾಗುತ್ತೆ, ಮೂರು ಸಾವಿರ ಬೇರೆಬೇರೆ ಖಾತೆ ತಾನೇ ಬೇಕಾಗಿರೋದು, ಸಂಜೆಯೊಳಗೆ ಮಾಡಿಕೊಡ್ತೀನಿ ಅಂದಳು. ಲಾಗಿನ್ ತನ್ನದು ಅನ್ನುವ ಹೆಮ್ಮೆ ಅವಳಿಗಿತ್ತು. ಅದಕ್ಕೆ ಹೆದರುವಂಥದ್ದೇನೂ ಇಲ್ಲ ಅನ್ನುವ ಧೈರ್ಯವೂ ಇತ್ತು. ಸಂಜೆಗೆ ಖಾತೆಗಳು ಬಂದವು, ಒಂದೊಂದಕ್ಕೂ ಬೇರೆ ಹೆಸರು, ಬೇರೆ ವಯಸ್ಸು, ಬೇರೆ ಪಾಸ್‌ವರ್ಡ್.

ಬುಧವಾರ ಬೆಳಿಗ್ಗೆ ಕಡ್ಡಿ ಮತ್ತೆ ಓಡಿಸಿದಳು. ಈ ಸಲ ಡೇಟಾಬೇಸ್ ಗೆರೆ ಸ್ವಲ್ಪ ಎದ್ದಿತು. ಆದರೂ ಎಲ್ಲ ಹಸಿರೇ. ಮ್ಯಾನೇಜರ್ ಮತ್ತೆ ಕೀ ತಿರುಗಿಸುತ್ತ ಬಂದರು. ಈಗಲಾದರೂ ಸಮಾಧಾನವಾಯಿತಾ ತಾಯಿ ಅಂದರು.

ಅವಳಿಗೆ ಆಗಿರಲಿಲ್ಲ. ಪಾಸ್‌ವರ್ಡ್ ಸರಿಯಾಗಿದೆಯಾ ನೋಡುವುದು ಸರ್ವರಿಗೆ ಭಾರದ ಕೆಲಸ. ಕಳ್ಳರು ಊಹಿಸಿ ಊಹಿಸಿ ನುಗ್ಗಬಾರದೆಂದು ಬೇಕಂತಲೇ ಅದನ್ನು ನಿಧಾನ ಮಾಡಿರುತ್ತಾರೆ. ಮೂರು ಸಾವಿರ ಜನರದ್ದು ಒಟ್ಟಿಗೆ ನೋಡಿಯೂ ಸರ್ವರು ಏದುಸಿರು ಬಿಡಲಿಲ್ಲ ಅಂದರೆ ನಂಬುವವರು ಯಾರು? ಅವಳು ಆ ಖಾತೆಗಳಲ್ಲಿ ಒಂದನ್ನು ತೆಗೆದುಕೊಂಡು, ತಾನೇ ಲಾಗಿನ್ ಪುಟಕ್ಕೆ ಹೋಗಿ, ಪಾಸ್‌ವರ್ಡ್ ಜಾಗದಲ್ಲಿ ಬಾಯಿಗೆ ಬಂದ ಬೈಗುಳ ಹೊಡೆದಳು. ಸೈಟು ನಮಸ್ಕಾರ ಅಂತ ಒಳಗೆ ಕರೆಯಿತು.

"ಅತ್ತಿಗೆ, ಸ್ವಲ್ಪ ಇಲ್ಲಿ ಬನ್ನಿ."

ಮೇಡಂ ಅನ್ನದಿದ್ದದ್ದು ಕೇಳಿ ಅಕ್ಕಪಕ್ಕದವರೂ ತಲೆ ಎತ್ತಿದರು. ಅತ್ತಿಗೆ ಬಂದು ನೋಡಿದಳು. ಮೂರು ಸಾವಿರ ಖಾತೆ ಕೈಯಲ್ಲಿ ಮಾಡಲು ಆಗುತ್ತದಾ? ಇದ್ದ ಅಳಿಯನನ್ನೇ ನಕಲು ಮಾಡಿ, ಹೆಸರು ವಯಸ್ಸು ಬದಲಿಸಿದ್ದಳು. ಅಳಿಯನ ಜೊತೆ ಅವನ ಸಲಿಗೆಯೂ ಎಲ್ಲ ನಕಲಿಗೂ ಬಂದಿತ್ತು. ಪಾಸ್‌ವರ್ಡ್ ಕೇಳಬೇಡ, ಓಟಿಪಿ ಕೇಳಬೇಡ, ಬೀಗ ಹಾಕಬೇಡ.

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಅಂದಳು ಕಡ್ಡಿ. "ಮೊದಲು ಒಬ್ಬ ಇದ್ದ. ಈಗ ಮನೆ ತುಂಬ ಅಳಿಯಂದಿರು."

ಅತ್ತಿಗೆಯ ಮುಖ ಕೆಂಪಾಯಿತು. ಓಟಿಪಿ ಬಿಡದೆ ಇನ್ನೇನು ಮಾಡಲಿ, ಮೂರು ಸಾವಿರ ಮೊಬೈಲ್ ನಿನ್ನ ಚೀಲದಲ್ಲಿದೆಯಾ ಎಂದು ಕೇಳಿದಳು. ಅದು ನ್ಯಾಯವಾದ ಮಾತೇ. ಕಡ್ಡಿ ಒಪ್ಪಿದಳು. ಓಟಿಪಿ ಕಳಿಸುವ ಕಂಪನಿಯ ಬದಲು ಒಂದು ಬೊಂಬೆಯನ್ನು ಇಡಿ, ನಿಜವಾದದ್ದು ಎಷ್ಟು ತಡವಾಗಿ ಉತ್ತರ ಕೊಡುತ್ತದೋ ಅಷ್ಟೇ ತಡವಾಗಿ ಅದೂ ಕೊಡಲಿ. ಆದರೆ ಪಾಸ್‌ವರ್ಡ್ ನೋಡುವುದನ್ನು ಬಿಡಬಾರದು, ಒಂದಕ್ಕೂ ಬಿಡಬಾರದು ಅಂದಳು. ಅತ್ತಿಗೆ ಹೋಗಿ ಅದನ್ನೆಲ್ಲ ಮಾಡಿದಳು. ಈ ಸಲ ಹೆಡ್‌ಫೋನ್ ಹಾಕಿಕೊಳ್ಳುವುದು ಮರೆತಿದ್ದಳು.

ಬುಧವಾರ ಮಧ್ಯಾಹ್ನದ ಟೆಸ್ಟಿನಲ್ಲಿ ಸೈಟು ಮಕಾಡೆ ಬಿತ್ತು. ಪೂರ್ತಿ ಜನ ಬರುವ ಮಾತು ಹಾಗಿರಲಿ, ಕಾಲುಭಾಗ ಬರುವುದರೊಳಗೆ ಲಾಗಿನ್ ಪುಟದಲ್ಲಿ ಕಾಯಿರಿ ಅನ್ನುವ ಚಕ್ರ ತಿರುಗುತ್ತ ಉಳಿಯಿತು, ಆಮೇಲೆ ಅದೂ ನಿಂತಿತು. ಪರದೆ ಮೇಲಿಂದ ಕೆಳಗೆ ಕೆಂಪು. ಮ್ಯಾನೇಜರ್ ಈ ಸಲ ಕೀ ತಿರುಗಿಸಲಿಲ್ಲ. ನೀವಿಬ್ಬರೂ ಮನೆಯ ಜಗಳವನ್ನು ಇಲ್ಲಿಗೆ ತಂದಿದ್ದೀರಾ ಅಂತ ಒಂದೇ ಪ್ರಶ್ನೆ ಕೇಳಿದರು. ಮನೆಯಲ್ಲಿ ನಮಗೆ ಜಗಳ ಇಲ್ಲ, ಇಲ್ಲೇ ಶುರುವಾಗಿರೋದು ಎಂದಳು ಕಡ್ಡಿ.

ಅದು ನಿಜವೇ ಆಗಿತ್ತು. ಅವತ್ತು ಸಂಜೆ ಮನೆಯಲ್ಲಿ ಅತ್ತಿಗೆ ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅಣ್ಣ ಇಬ್ಬರ ನಡುವೆ ಕೂತು, ಉಪ್ಪಿನ ಡಬ್ಬಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವ ಕೆಲಸ ಮಾಡಿದ. ಏನಾಯಿತು ಎಂದು ಕೇಳುವಷ್ಟು ಬುದ್ಧಿಗೇಡಿ ಅವನಲ್ಲ. ಅಮ್ಮ ಕೇಳಿದರು. ನಿಮ್ಮ ಮಗಳು ನನ್ನ ಕೆಲಸ ಕೆಡವಿದಳು ಅತ್ತೆ ಎಂದಳು ಅತ್ತಿಗೆ. ಕೆಡವಿದ್ದಲ್ಲ, ಬೀಳುತ್ತೆ ಅಂತ ತೋರಿಸಿದ್ದು ಎಂದಳು ಕಡ್ಡಿ. ಎರಡೂ ಒಂದೇ ಎಂದು ಅಮ್ಮ ಮಾತು ಮುಗಿಸಿದರು.

ಕಡ್ಡಿ ಮಲಗಿ ಚೆನ್ನಾಗಿ ನಿದ್ದೆ ಮಾಡಿದಳು. ತಾನು ಸರಿ ಎಂದು ಗೊತ್ತಿದ್ದವರಿಗೆ ಬರುವ ನಿದ್ದೆ. ಅರ್ಧ ಮಾತ್ರ ಸರಿ ಎಂದು ಗೊತ್ತಾದದ್ದು ಗುರುವಾರ ಬೆಳಿಗ್ಗೆ.

ಗುರುವಾರ ಅತ್ತಿಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ, ಕಡ್ಡಿಯ ಕುರ್ಚಿಯಲ್ಲೇ ಕೂತು, ಕಡ್ಡಿ ತಿದ್ದಿದ್ದ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದ್ದಳು. ಕಡ್ಡಿ ಬಂದಾಗ ಎದ್ದು ಜಾಗ ಬಿಡಲಿಲ್ಲ. ಪಕ್ಕದ ಕುರ್ಚಿ ತೋರಿಸಿದಳು. ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟಿನ ಸದ್ದು ಮಾತ್ರ ಕೇಳುತ್ತಿತ್ತು.

"ನೀನು ಒಬ್ಬರ ಮನೆಗೆ ಹೋಗ್ತೀಯ. ಬೆಲ್ ಮಾಡಿ ಒಳಗೆ ಹೋಗ್ತೀಯ. ನೀರು ಕುಡಿಯೋಕೆ ಅಡುಗೆಮನೆಗೆ ಹೋಗಬೇಕು. ಮತ್ತೆ ಹೊರಗೆ ಬಂದು ಬೆಲ್ ಮಾಡ್ತೀಯಾ?"

ಕಡ್ಡಿಗೆ ಮೊದಲು ಅರ್ಥವಾಗಲಿಲ್ಲ. ಅತ್ತಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕಡ್ಡಿಯ ರೋಗಿ ಲಾಗಿನ್ ಆಗಿ ಡಾಕ್ಟರುಗಳ ಪಟ್ಟಿ ನೋಡುತ್ತಿದ್ದ. ಒಬ್ಬ ಡಾಕ್ಟರನ್ನು ಆರಿಸಲು ಮತ್ತೆ ಲಾಗಿನ್ ಆಗುತ್ತಿದ್ದ. ಸಮಯ ಆರಿಸಲು ಮತ್ತೆ. ಟೋಕನ್ ಒತ್ತಲು ಮತ್ತೆ. ಹಳೆಯ ಸ್ಕ್ರಿಪ್ಟೂ ಹಾಗೇ ಇತ್ತು. ಅಳಿಯನಿಗೆ ಲಾಗಿನ್ ಅನ್ನುವುದು ಪುಕ್ಕಟೆಯಾಗಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಡ್ಡಿ ಹೆಸರು ಬದಲಿಸುವ ಭರದಲ್ಲಿ ಉಳಿದದ್ದನ್ನು ಮುಟ್ಟಿರಲಿಲ್ಲ. ಪಾಸ್‌ವರ್ಡ್ ನಿಜವಾಗಿ ನೋಡತೊಡಗಿದ ಕೂಡಲೇ ಒಬ್ಬೊಬ್ಬ ರೋಗಿಯೂ ನಾಲ್ಕು ರೋಗಿಯ ಭಾರ ಹಾಕಿದ್ದ.

ಕಡ್ಡಿ ಆ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ತನ್ನದೇ ಕಡ್ಡಿ ಮುರಿದಳು. "ನನ್ನ ತಪ್ಪು. ಕಣ್ಣೆದುರಿಗೇ ಇತ್ತು, ನೋಡಲಿಲ್ಲ."

ಅತ್ತಿಗೆ ಇದನ್ನು ನಿರೀಕ್ಷಿಸಿರಲಿಲ್ಲ. ವಾದ ಮಾಡಲು ಸಿದ್ಧ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಇಬ್ಬರೂ ಸೇರಿ ಸ್ಕ್ರಿಪ್ಟ್ ತಿದ್ದಿದರು. ಲಾಗಿನ್ ಆದಾಗ ಸೈಟು ಕೊಡುವ ಗುರುತಿನ ಚೀಟಿಯನ್ನು ರೋಗಿ ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಬೇಕು, ಕೇಳಿದ ಕಡೆ ತೋರಿಸಬೇಕು, ಕೆಲಸ ಮುಗಿದಾಗ ವಾಪಸು ಕೊಡಬೇಕು. ನಡುನಡುವೆ ಮನುಷ್ಯರ ಹಾಗೆ ನಿಲ್ಲಬೇಕು. ಡಾಕ್ಟರ ಹೆಸರು ಓದಲು, ಕನ್ನಡಕ ಹುಡುಕಲು, ಹೆಂಡತಿಯನ್ನು ಕೇಳಲು ಒಬ್ಬೊಬ್ಬನಿಗೆ ಒಂದೊಂದಷ್ಟು ಹೊತ್ತು. ಅತ್ತಿಗೆ ಲಾಗಿನ್ ಕೆಲಸಕ್ಕೆಂದೇ ಎರಡು ಮಷೀನು ಹೆಚ್ಚು ಕೊಟ್ಟಳು. ಸಂಜೆಯ ಟೆಸ್ಟಿನಲ್ಲಿ ಸರ್ವರು ಬೆವರಿತು, ಏದುಸಿರು ಬಿಟ್ಟಿತು, ಆದರೆ ನಿಂತಿತು. ಈ ಸಲದ ಹಸಿರು ಕಡ್ಡಿಗೂ ಹಸಿರಾಗಿಯೇ ಕಂಡಿತು. ನಾಳೆ ಬಂದವಳೇ ಸಹಿ ಹಾಕುತ್ತೇನೆ ಎಂದು ಮ್ಯಾನೇಜರಿಗೆ ಹೇಳಿ ಮನೆಗೆ ಹೊರಟಳು. ದಾರಿಯಲ್ಲಿ ಅತ್ತಿಗೆ ಅವಳಿಗೆ ಐಸ್‌ಕ್ರೀಮ್ ಕೊಡಿಸಿದಳು. ಖಾಯಂ ಆದ ಮೇಲೆ ನೀನು ಕೊಡಿಸು ಎಂದಳು.

ಶುಕ್ರವಾರ ಬೆಳಿಗ್ಗೆ ಕಡ್ಡಿ ಹೊರಡುವ ಅವಸರದಲ್ಲಿದ್ದಳು. ಅಪ್ಪನ ಮಂಡಿನೋವಿಗೆ ಅವತ್ತು ಟೋಕನ್ ತೆಗೆಯಬೇಕಿತ್ತು. ಆ ಕೆಲಸ ಯಾವಾಗಲೂ ಅಮ್ಮನದು. ಹಳೆಯ ಸೈಟಿನಲ್ಲಿ ಟೋಕನ್ ಬಿಡುವುದು ಎಂಟಕ್ಕೆ, ಆದರೆ ಅಮ್ಮ ಏಳೂವರೆಗೇ ಲಾಗಿನ್ ಆಗಿ, ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ನೆಟ್ಟಗೆ ಒರಗಿಸಿಟ್ಟಿದ್ದರು. ಜಾಗ ಹಿಡಿದಿಟ್ಟುಕೊಳ್ಳುವುದು. ಎಂಟಕ್ಕೆ ಎರಡು ನಿಮಿಷ ಇರುವಾಗ ಕೈ ಒರೆಸಿಕೊಂಡು ಫೋನ್ ಮುಟ್ಟಿದರು. ತುಂಬ ಹೊತ್ತು ಸುಮ್ಮನಿದ್ದಿರಿ, ಮತ್ತೆ ಲಾಗಿನ್ ಆಗಿ ಎಂದು ಸೈಟು ಹೊರಗೆ ಹಾಕಿತ್ತು. ಇದು ದಿನಾ ಮಾಡೋದು ಹೀಗೇ, ಇದರ ಮನೆ ಹಾಳಾಗ ಎಂದು ಗೊಣಗುತ್ತ ಅಮ್ಮ ಪಾಸ್‌ವರ್ಡ್ ಹೊಡೆಯತೊಡಗಿದರು.

ಕಡ್ಡಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು ಹಾಗೇ ನಿಂತಳು. ದಿನಾ ಹೀಗೇ ಆಗುತ್ತಾ ಎಂದು ಕೇಳಿದಳು. ಎಲ್ಲರಿಗೂ ಆಗುತ್ತೆ, ಪಕ್ಕದ ಮನೆಯವರಿಗೂ ಆಗುತ್ತೆ, ಆದರೆ ಮುಂಚೆಯೇ ಹೋಗಿ ಕೂರದಿದ್ದರೆ ಮನಸ್ಸು ಕೇಳಬೇಕಲ್ಲ ಎಂದರು ಅಮ್ಮ. ಬಾಗಿಲ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದ ಅತ್ತಿಗೆಯೂ ಅದನ್ನು ಕೇಳಿಸಿಕೊಂಡಳು. ಅವಳ ಹೊಸ ಸೈಟಿನಲ್ಲೂ ಅದೇ ನಿಯಮ ಇತ್ತು. ಹತ್ತು ನಿಮಿಷ ಸುಮ್ಮನಿದ್ದರೆ ಹೊರಗೆ. ಆಸ್ಪತ್ರೆಯವರೇ ಬರೆದುಕೊಟ್ಟಿದ್ದು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಜನ ಸ್ಕ್ರಿಪ್ಟಿನ ಹಾಗೆ ಒಬ್ಬರ ಹಿಂದೆ ಒಬ್ಬರು ಸಾವಕಾಶ ಬರುವುದಿಲ್ಲ. ಮುಂಚೆಯೇ ಬಂದು ಕೂತಿರುತ್ತಾರೆ. ಸೈಟೇ ಅವರನ್ನೆಲ್ಲ ಹೊರಗೆ ತಳ್ಳಿ, ಸರಿಯಾಗಿ ಎಂಟಕ್ಕೆ, ಎಲ್ಲರನ್ನೂ ಒಟ್ಟಿಗೆ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಆಫೀಸಿನಲ್ಲಿ ಕಡ್ಡಿ ಹಾಗೇ ಬರೆದು ಓಡಿಸಿದಳು. ಬೇಗ ಬಾ, ಕಾದು ಕೂರು, ಹೊರಗೆ ಬೀಳು, ಎಂಟಕ್ಕೆ ಮತ್ತೆ ಬಾಗಿಲು ತಟ್ಟು. ಹಿಂದಿನ ಸಂಜೆ ಬೀಳದೆ ನಿಂತಿದ್ದ ಸೈಟು ಈಗ ಬಿತ್ತು.

ಮ್ಯಾನೇಜರಿಗೆ ತಾಳ್ಮೆ ಮುಗಿದಿತ್ತು. ನಿನ್ನೆ ಪಾಸ್ ಅಂದೆ, ಇವತ್ತು ಫೇಲ್ ಅನ್ನುತ್ತೀಯ, ಸೈಟು ಬೀಳಲೇಬೇಕು ಅಂತ ಹರಕೆ ಹೊತ್ತಿದ್ದೀಯಾ ಎಂದರು. ಯಾವ ರೋಗಿ ಹೀಗೆ ಮಾಡುತ್ತಾನೆ, ನೀನು ಕೂತಲ್ಲೇ ಜನರನ್ನು ಹುಟ್ಟಿಸುತ್ತಿದ್ದೀಯ ಎಂದರು. ಮಧ್ಯಾಹ್ನ ಆಸ್ಪತ್ರೆಗಳ ಆಡಳಿತಾಧಿಕಾರಿ ಬರುತ್ತಾರೆ, ಅವರ ಮುಂದೆ ನಿನ್ನೆಯ ವರದಿ ಇಡುತ್ತೇನೆ, ಸಹಿ ಹಾಕು. ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಾರೆ, ಆದರೆ ಖಾಯಂ ಮಾತು ಮರೆತುಬಿಡು.

"ನಮ್ಮಮ್ಮ ಮಾಡ್ತಾರೆ ಸಾರ್," ಎಂದಳು ಕಡ್ಡಿ.

"ನಿಮ್ಮಮ್ಮನಿಗೋಸ್ಕರ ಸೈಟ್ ಕಟ್ಟಿಲ್ಲ."

"ಮತ್ತೆ ಯಾರಿಗೆ ಕಟ್ಟಿರೋದು?"

ಮ್ಯಾನೇಜರ್ ಅತ್ತಿಗೆಯ ಕಡೆ ತಿರುಗಿದರು. ಇದು ಅತ್ತಿಗೆಯ ಲಾಗಿನ್, ಅತ್ತಿಗೆಯ ಮರ್ಯಾದೆ. ಬಿದ್ದದ್ದು ಟೆಸ್ಟಿನ ತಪ್ಪು ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಡ್ಡಿಯೂ ಅವಳನ್ನೇ ನೋಡುತ್ತಿದ್ದಳು. ನಿನ್ನೆಯ ಬೆಲ್ಲಿನ ಮಾತು ನೆನಪಿತ್ತು. ಇವತ್ತೂ ಏನಾದರೂ ಸಿಕ್ಕಿದರೆ ಅತ್ತಿಗೆ ಬಿಡುವವಳಲ್ಲ.

"ನಮ್ಮತ್ತೆ ಇವತ್ತು ಬೆಳಿಗ್ಗೆನೂ ಮಾಡಿದ್ರು ಸಾರ್," ಎಂದಳು ಅತ್ತಿಗೆ. "ನಾನೇ ನಿಂತು ನೋಡಿದೆ. ಸ್ಕ್ರಿಪ್ಟನ್ನೂ ಎರಡು ಸಲ ಓದಿದೆ. ಈ ಸಲ ತಪ್ಪು ಅದರಲ್ಲಿಲ್ಲ, ನನ್ನ ಲಾಗಿನ್ನಲ್ಲಿದೆ."

ಮ್ಯಾನೇಜರ್ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನದವರೆಗೆ ಇದ್ದ ಸಮಯದಲ್ಲಿ ಇಬ್ಬರೂ ಊಟಕ್ಕೂ ಏಳದೆ ಒಂದೇ ಪ್ರಶ್ನೆಯ ಹಿಂದೆ ಬಿದ್ದರು. ಇದು ಎಷ್ಟು ಜನರನ್ನು ಹೊರುತ್ತದೆ? ಜನರನ್ನು ಕಡಿಮೆ ಮಾಡುತ್ತ, ಮತ್ತೆ ಮತ್ತೆ ಓಡಿಸುತ್ತ, ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಂಡರು. ದೊಡ್ಡ ಎರಡು ಆಸ್ಪತ್ರೆ ಬಿಟ್ಟರೆ ಉಳಿದ ಮೂರರ ಜನರನ್ನು ಅದು ಹೊರುತ್ತಿತ್ತು.

ಆಡಳಿತಾಧಿಕಾರಿ ಒಂದು ಕಾಲದಲ್ಲಿ ವಾರ್ಡಿನಲ್ಲಿ ನರ್ಸ್ ಆಗಿದ್ದ ಹೆಂಗಸು. ಕುರ್ಚಿಯಲ್ಲಿ ಕೂತ ಮೇಲೂ ಎದ್ದು ಓಡಲು ತಯಾರಿದ್ದವರ ಹಾಗೆ ಕೂತಿದ್ದರು. ಮ್ಯಾನೇಜರ್ ಕಂಪನಿಯ ಇತಿಹಾಸದಿಂದ ಶುರು ಮಾಡಿದರು. ಎಷ್ಟು ಟೆಸ್ಟ್ ಮಾಡಿದ್ದೇವೆ, ಎಷ್ಟು ಮಷೀನು ಹಾಕಿದ್ದೇವೆ, ಕೆಲವು ಸಣ್ಣಪುಟ್ಟ ವಿಷಯಗಳು ಬಾಕಿ ಇವೆ. ಆಕೆ ಕೈ ಎತ್ತಿ ತಡೆದು, ಬೀಳುತ್ತಾ ಇಲ್ಲವಾ ಅಂತ ಸಹಿ ಹಾಕೋರು ಯಾರು ಎಂದು ಕೇಳಿದರು. ಎಲ್ಲರ ಕಣ್ಣೂ ಕಡ್ಡಿಯ ಮೇಲೆ ಬಿತ್ತು. ಸಣ್ಣ ವಯಸ್ಸು ನೋಡಿ ಆಕೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಹೇಳಮ್ಮ. ಸೋಮವಾರ ಬೀಳುತ್ತಾ?"

"ಐದೂ ಆಸ್ಪತ್ರೆಗೆ ತೆರೆದ್ರೆ ಎಂಟು ಗಂಟೆಗೆ ಬೀಳುತ್ತೆ. ಆ ಎರಡು ದೊಡ್ಡದು ಬಿಟ್ಟು ಮೂರಕ್ಕೆ ತೆರೆದ್ರೆ ನಿಲ್ಲುತ್ತೆ."

"ಎಷ್ಟು ಖಾತ್ರಿ?"

"ಸಹಿ ಹಾಕುವಷ್ಟು."

ಯಾಕೆ ಎಂದು ಆಕೆ ಕೇಳಿದರು. ಕಡ್ಡಿ ಕಾಯುವವರ ವಿಷಯ ಹೇಳಿದಳು. ಹಾಗಾದರೆ ಆ ಹತ್ತು ನಿಮಿಷವನ್ನು ಒಂದು ಗಂಟೆ ಮಾಡಿಬಿಡೋಣ ಎಂದು ಮ್ಯಾನೇಜರ್ ಬಾಯಿ ಹಾಕಿದರು. ಆಗುವುದಿಲ್ಲ ಎಂದರು ಆಕೆ. ಒಬ್ಬಳು ಫೋನ್ ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಹಾಗೇ ಎದ್ದು ಹೋಗಿದ್ದಳಂತೆ, ಆಮೇಲೆ ಕೂತವನು ಅವಳ ರಕ್ತಪರೀಕ್ಷೆಯನ್ನು ಬೀದಿಗೆಲ್ಲ ಓದಿ ಹೇಳಿದ್ದನಂತೆ. ನಿಯಮ ಬಂದಿದ್ದು ಅಲ್ಲಿಂದ. ಅತ್ತಿಗೆ ಆಗ ಮೊದಲ ಸಲ ಮಾತಾಡಿದಳು. ಟೋಕನ್ ಪುಟದಲ್ಲಿ ಕಾಯುತ್ತಿರುವವರಿಗೆ ಮಾತ್ರ ಚೀಟಿ ಉಳಿಸಿ, ಅವರ ದಾಖಲೆಗಳ ಬಾಗಿಲನ್ನು ಮುಚ್ಚಬಹುದು. ಎಂಟಕ್ಕೆ ಬಾಗಿಲ ಹೊರಗೆ ಸಾಲು ಮಾಡಿ ಗುಂಪುಗುಂಪಾಗಿ ಬಿಡಬಹುದು. ಆದರೆ ಅದನ್ನು ಬರೆಯಬೇಕು, ಬರೆದದ್ದನ್ನು ಇವಳು ಬೀಳಿಸಿ ನೋಡಬೇಕು, ಅದಕ್ಕೆ ಸಮಯ ಬೇಕು. ಮೂರು ಆಸ್ಪತ್ರೆಗೆ ತೆರೆಯಿರಿ, ಉಳಿದೆರಡು ಆಮೇಲೆ ಎಂದು ಆಡಳಿತಾಧಿಕಾರಿ ಎದ್ದರು. ಸುಳ್ಳು ಹೇಳಿ ಬೀಳಿಸೋದಕ್ಕಿಂತ ಅದೇ ವಾಸಿ ಎಂದು ಮ್ಯಾನೇಜರ ಮುಖ ನೋಡದೆಯೇ ಹೇಳಿದರು. ಕಡ್ಡಿ ಮೂರು ಆಸ್ಪತ್ರೆ ಎಂದು ಸ್ಪಷ್ಟವಾಗಿ ಬರೆದು, ಅದರ ಕೆಳಗೆ ಸಹಿ ಹಾಕಿದಳು.

ಸೋಮವಾರ ಬೆಳಿಗ್ಗೆ ಎಲ್ಲರೂ ಬೇಗ ಬಂದು ಪರದೆಯ ಮುಂದೆ ನಿಂತರು. ಏಳೂವರೆ ಸುಮಾರಿಗೆ ಜನ ಬಂದು ಕೂರತೊಡಗಿದರು. ಹತ್ತು ನಿಮಿಷ ಸುಮ್ಮನಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಿದ್ದರು. ಎಂಟಕ್ಕೆ ಗೆರೆ ಗೋಡೆ ಹತ್ತಿದ ಹಾಗೆ ನೇರ ಮೇಲಕ್ಕೆ ಎದ್ದಿತು. ನಮ್ಮತ್ತೆಯಂಥವರು ಎಷ್ಟು ಜನ ನೋಡಿ ಸಾರ್ ಎಂದಳು ಅತ್ತಿಗೆ. ಲಾಗಿನ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಮ್ಯಾನೇಜರ್ ಮೇಜಿನ ಅಂಚು ಹಿಡಿದುಕೊಂಡರು. ಕಡ್ಡಿ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಳು. ಇದಕ್ಕಿಂತ ಮೇಲೆ ಹೋಗಲ್ಲ ಎಂದು ಅವಳು ಬೆರಳಿಟ್ಟು ತೋರಿಸಿದ ಜಾಗದ ಸ್ವಲ್ಪ ಕೆಳಗೇ ಗೆರೆ ನಿಂತು, ಹಾಗೇ ಇಳಿಯಿತು. ಬೆಳಿಗ್ಗೆಯೆಲ್ಲ ಸಹಾಯವಾಣಿಗೆ ಬಂದ ದೂರುಗಳು ಹೆಚ್ಚಾಗಿ ಪಾಸ್‌ವರ್ಡ್ ಮರೆತವರದ್ದು.

ಮ್ಯಾನೇಜರ್ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು. ಕೀ ಮತ್ತೆ ಬೆರಳಿನಲ್ಲಿ ತಿರುಗುತ್ತಿತ್ತು. ಈ ತಿಂಗಳಿಂದ ಕಡ್ಡಿ ಖಾಯಂ, ಕಾಗದ ಸಂಜೆ ಸಿಗುತ್ತೆ ಎಂದರು. ಕಡ್ಡಿ ಥ್ಯಾಂಕ್ಸ್ ಅಂದಳು, ಅದಕ್ಕಿಂತ ಹೆಚ್ಚು ಅನ್ನಲಿಲ್ಲ. ಅದು ಬರಬೇಕಾದದ್ದೇ ಆಗಿತ್ತು. ಆ ಬಿಸಿಯಲ್ಲೇ 'ಉಳಿದ ಎರಡನ್ನೂ ಬರುವ ಸೋಮವಾರ ತೆರೆಯುತ್ತೇವೆ ಅಂತ ಆಗಲೇ ಫೋನಿನಲ್ಲಿ ಹೇಳಿಬಿಟ್ಟೆ, ಇವತ್ತು ಇಷ್ಟು ಚೆನ್ನಾಗಿ ನಿಂತಿದೆಯಲ್ಲ' ಎಂದರು ಮ್ಯಾನೇಜರ್.

"ಬರುವ ಸೋಮವಾರ ಆಗಲ್ಲ ಸಾರ್," ಎಂದಳು ಕಡ್ಡಿ. "ಮೇಡಂ ಬರೆದು ಮುಗಿಸಬೇಕು. ನಾನು ಬೀಳಿಸಿ ನೋಡಬೇಕು. ಬೀಳಲ್ಲ ಅಂತ ಆದ ಮೇಲೆ ಸಹಿ ಹಾಕ್ತೀನಿ. ಅಲ್ಲೀವರೆಗೂ ಇಲ್ಲ."

ಮ್ಯಾನೇಜರ್ ಏನಾದರೂ ಹೇಳಲಿ ಎಂದು ಅತ್ತಿಗೆಯ ಕಡೆ ನೋಡಿದರು.

"ನನ್ನ ನೋಡಬೇಡಿ ಸಾರ್," ಎಂದಳು ಅತ್ತಿಗೆ. "ನೀವಾದ್ರೆ ಸಂಜೆ ಬಚಾವ್. ನಾನು ಇವಳ ಜೊತೆನೇ ಮನೆಗೆ ಹೋಗಬೇಕು."